ಕೊಟ್ಟಿಗೆಯಲ್ಲಿರುವ 1974ರ ಅಂಬಾಸಿಡರ್‌ನಿಂದ ಹಾಟ್ ರಾಡ್: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಅಡಿಕೆ ಅಂಗಳ (ಶಿರಸಿ)

ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ ಕುಮಟೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ಹಳ್ಳಿ ನಮ್ಮದು. ದನಗಳನ್ನು ಹೊಸ ಕೊಟ್ಟಿಗೆಗೆ ಸಾಗಿಸಿದ ಮೇಲೆ ಖಾಲಿಯಾದ ಹಳೆಯ ಕೊಟ್ಟಿಗೆಯಲ್ಲಿ, ಅಪ್ಪ 1974ರಲ್ಲಿ ಹೊಸದಾಗಿ ಕೊಂಡ ಅಂಬಾಸಿಡರ್ ಮಾರ್ಕ್ 2 ಕಾರು ಹದಿನಾರು ವರ್ಷಗಳಿಂದ ನಿಂತಲ್ಲೇ ನಿಂತಿದೆ. ಅಪ್ಪ ತೀರಿಕೊಂಡ ಮೇಲೆ ಅದನ್ನು ಯಾರೂ ಹೊರಗೆ ತೆಗೆದಿಲ್ಲ. ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಿದರೆ ಎಂಜಿನ್ ಬಿಗಿಯಾಗಿಯಾದರೂ ತಿರುಗುತ್ತದೆ. ಬ್ರೇಕ್ ಪೆಡಲ್ ಮಾತ್ರ ನೆಲಕ್ಕೆ ಅಂಟಿಕೊಂಡಿದೆ. ಆರ್‌ಸಿ ಪುಸ್ತಕ ಅಪ್ಪನ ಹೆಸರಿನಲ್ಲಿಯೇ ಇದ್ದು, ಅದರ ನವೀಕರಣದ ಅವಧಿ ಯಾವಾಗಲೋ ಮುಗಿದಿದೆ.

ಗುಜರಿಯವರು ಎರಡು ಸಲ ಬಂದು ಕೇಳಿದರೂ ಕೊಡಲು ಮನಸ್ಸು ಬರಲಿಲ್ಲ. ಈಚೆಗೆ ಅಮೆರಿಕದ ಹಾಟ್ ರಾಡ್ ಕಾರುಗಳ, ಅಂದರೆ ಹಳೆಯ ಕಾರನ್ನು ಹಗುರ ಮಾಡಿ ವೇಗಕ್ಕಾಗಿ ಮರುಕಟ್ಟಿದ ಗಾಡಿಗಳ, ವಿಡಿಯೋಗಳನ್ನು ನೋಡುತ್ತಿದ್ದಂತೆ, ಇದರ ಮಾಡನ್ನು (ಮೇಲ್ಛಾವಣಿಯನ್ನು) ಕತ್ತರಿಸಿ, ಮಡ್‌ಗಾರ್ಡ್‌ಗಳನ್ನು ತೆಗೆದು, ಎಂಜಿನ್ ಹೊರಗೆ ಕಾಣುವಂಥ ಎರಡೇ ಸೀಟಿನ ತಗ್ಗು ಗಾಡಿಯನ್ನು ಮನೆಯಲ್ಲಿಯೇ ಏಕೆ ಕಟ್ಟಬಾರದು ಎಂಬ ಯೋಚನೆ ತಲೆಯಲ್ಲಿ ಕುಳಿತಿದೆ. ಸಾಧ್ಯವಾದರೆ ವಿ8 (ಎಂಟು ಸಿಲಿಂಡರಿನ) ಎಂಜಿನ್ ಕೂರಿಸಬೇಕೆಂಬ ಆಸೆಯೂ ಇದೆ. ಮೂರು ವರ್ಷ ಸಮಯ ಮತ್ತು ಹಂತಹಂತವಾಗಿ ಮೂರು ಲಕ್ಷ ರೂಪಾಯಿ ತೆಗೆದಿಡಬಲ್ಲೆ.

ನನ್ನ ಅನುಭವದ ಬಗ್ಗೆ ಸುಳ್ಳು ಹೇಳುವುದಿಲ್ಲ. ಪಂಪ್‌ಸೆಟ್, ಅಡಿಕೆ ಸುಲಿಯುವ ಯಂತ್ರ ಮತ್ತು ಕಳೆ ಕತ್ತರಿಸುವ ಯಂತ್ರಗಳ ದುರಸ್ತಿಯನ್ನು ನಾನೇ ಮಾಡಿಕೊಳ್ಳುತ್ತೇನೆ. ತೋಟದ ಗೇಟನ್ನು ಆರ್ಕ್ ವೆಲ್ಡಿಂಗ್‌ನಲ್ಲಿ ನಾನೇ ಕಟ್ಟಿದ್ದೇನೆ, ಆದರೆ ತೆಳು ತಗಡಿನ ಮೇಲೆ ಕೈ ಇಟ್ಟಾಗಲೆಲ್ಲ ತೂತು ಬಿದ್ದದ್ದೇ ಹೆಚ್ಚು. ಮೊದಲು ಯಾವ ಕೆಲಸಕ್ಕೆ ಕೈಹಾಕಬೇಕು, ಮಾಡು ಕತ್ತರಿಸಿದರೆ ಗಾಡಿ ತಡೆಯುತ್ತದೆಯೇ, ಕಟ್ಟಿದ ಮೇಲೆ ಅದನ್ನು ರಸ್ತೆಗೆ ತರಬಹುದೇ ಎಂಬುದನ್ನು ಬಲ್ಲವರು ತಿಳಿಸಿಕೊಡಬೇಕೆಂದು ಕೋರುತ್ತೇನೆ.

ಉತ್ತರ: ಕಡವಾಡದ ಕಬ್ಬಿಣ (ಕಾರವಾರ)

ಶಿರಸಿಯ ಮಿತ್ರರೇ, ಗ್ರೈಂಡರನ್ನು ಸದ್ಯಕ್ಕೆ ಕೆಳಗಿಡಿ. ನಾನು ವೃತ್ತಿಯಿಂದ ವೆಲ್ಡರ್. ಮೊದಲು ಮೀನುಗಾರಿಕೆಯ ಬೋಟುಗಳ ಕೆಲಸ ಮಾಡುತ್ತಿದ್ದವನು ಈಗ ಲಾರಿ ಬಾಡಿಗಳ ಕೆಲಸ ಮಾಡುತ್ತೇನೆ, ಮತ್ತು ನೀವು ಹೇಳುವಂಥ ಒಂದು ಗಾಡಿಯನ್ನು ಹಳೆಯ ಜೀಪಿನ ಚಾಸಿಯ ಮೇಲೆ ಕಟ್ಟುತ್ತ ಆರು ವರ್ಷ ಕಳೆದಿದ್ದೇನೆ. ನಿಮ್ಮ ಮೂರು ವರ್ಷದ ಲೆಕ್ಕವನ್ನು ಆ ಅನುಭವದಿಂದಲೇ ಸ್ವಲ್ಪ ಅನುಮಾನದಿಂದ ನೋಡುತ್ತೇನೆ.

ನೀವು ನೋಡಿದ ವಿಡಿಯೋಗಳಲ್ಲಿನ ಗಾಡಿಗಳಿಗೂ ನಿಮ್ಮ ಅಂಬಾಸಿಡರಿಗೂ ಮೂಲದಲ್ಲಿಯೇ ಒಂದು ವ್ಯತ್ಯಾಸವಿದೆ. ಕ್ಯಾಲಿಫೋರ್ನಿಯಾದ ಹುಡುಗರು 1930ರ ದಶಕದಲ್ಲಿ ಒಣಗಿದ ಸರೋವರಗಳ ಬಯಲಿನಲ್ಲಿ ಓಡಿಸಲೆಂದು ಈ ಗಾಡಿಗಳನ್ನು ಕಟ್ಟತೊಡಗಿದಾಗ, ಅವರ ಕೈಗೆ ಅಗ್ಗವಾಗಿ ಸಿಕ್ಕಿದ್ದು ಫೋರ್ಡ್ ಕಂಪನಿಯ ಮಾಡೆಲ್ ಟಿ, ಮಾಡೆಲ್ ಎ ಮತ್ತು ಮುಂದೆ 1932ರ ಫೋರ್ಡ್ ಕಾರುಗಳು. ಅವುಗಳಲ್ಲಿ ಎರಡು ಉದ್ದ ತೊಲೆಗಳ ಪ್ರತ್ಯೇಕ ಚಾಸಿ ಇರುತ್ತಿತ್ತು, ಬಾಡಿಯು ಅದರ ಮೇಲೆ ಬೋಲ್ಟುಗಳಲ್ಲಿ ಕೂತಿರುತ್ತಿತ್ತು. ಬೋಲ್ಟು ಬಿಚ್ಚಿ ಬಾಡಿಯನ್ನು ಎತ್ತಿಟ್ಟರೂ, ಮಾಡನ್ನು ನಾಲ್ಕು ಇಂಚು ಕತ್ತರಿಸಿ ಗಿಡ್ಡ ಮಾಡಿದರೂ, ಮಡ್‌ಗಾರ್ಡುಗಳನ್ನು ಕಿತ್ತೆಸೆದರೂ ಗಾಡಿಯ ಬೆನ್ನೆಲುಬಿಗೆ ಏನೂ ಆಗುತ್ತಿರಲಿಲ್ಲ. ಅವರ ಇಡೀ ವಿದ್ಯೆ ನಿಂತಿರುವುದು ಈ ಅನುಕೂಲದ ಮೇಲೆ.

ಅಂಬಾಸಿಡರಿಗೆ ಅಂಥ ಚಾಸಿ ಇಲ್ಲ. ಅದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರಿನ ವಂಶದ್ದು, ನೆಲ, ಪಕ್ಕೆ, ಕಂಬ ಮತ್ತು ಮಾಡು ಎಲ್ಲವನ್ನೂ ಬೆಸೆದು ಮಾಡಿದ ಒಂದೇ ಪೆಟ್ಟಿಗೆ. ನೀವು ಮಾಡನ್ನು ಕತ್ತರಿಸಿದಿರೆಂದರೆ ಆ ಪೆಟ್ಟಿಗೆಯ ಮುಚ್ಚಳವನ್ನು ಕಿತ್ತಂತೆ, ಅದು ಮಧ್ಯದಲ್ಲಿ ಜಗ್ಗುತ್ತದೆ, ಬಾಗಿಲುಗಳು ಕೂರುವುದಿಲ್ಲ, ಗಾಡಿ ಒಂದು ಗುಂಡಿ ಇಳಿದು ಹತ್ತುವಾಗ ತಿರುಚಿಕೊಳ್ಳುತ್ತದೆ. ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಅದರ ಮುಂದಿನ ಸಸ್ಪೆನ್ಷನ್‌ನ ಟಾರ್ಶನ್ ಬಾರ್‌ಗಳು (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳುಗಳು) ಉದ್ದಕ್ಕೆ ಹಿಂದೆ ಹೋಗಿ ನೆಲದಡಿಯ ಅಡ್ಡ ತೊಲೆಗೆ ಕಚ್ಚಿಕೊಂಡಿರುತ್ತವೆ. ಅಂದರೆ ಗಾಡಿಯ ಮುಂಭಾಗದ ಭಾರವನ್ನು ಹೊತ್ತಿರುವುದು ನೀವು ಕಾಲಿಡುವ ನೆಲವೇ. ಹದಿನಾರು ಮಳೆಗಾಲಗಳನ್ನು ಕೊಟ್ಟಿಗೆಯ ಥಂಡಿಯಲ್ಲಿ ಕಳೆದ ನೆಲ ಹೇಗಿದೆ ಎಂಬುದನ್ನು ಮೊದಲು ನೋಡಬೇಕು.

ಆದ್ದರಿಂದ ನಿಮ್ಮ ಮೊದಲ ಕೆಲಸ ಕತ್ತರಿಸುವುದಲ್ಲ, ಕೆರೆಯುವುದು. ಮ್ಯಾಟುಗಳನ್ನು ತೆಗೆದು, ಒಂದು ಸ್ಕ್ರೂ ಡ್ರೈವರ್ ಹಿಡಿದುಕೊಂಡು, ಬಾಗಿಲುಗಳ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಂಥ ಭಾಗವನ್ನು, ಅಂದರೆ ಸಿಲ್‌ಗಳನ್ನು, ಅಡಿಯಿಂದ ಚುಚ್ಚುತ್ತ ಹೋಗಿ. ಲೀಫ್ ಸ್ಪ್ರಿಂಗಿನ ಕಣ್ಣುಗಳು ಬಾಡಿಗೆ ಕೂರುವ ಜಾಗವನ್ನೂ, ಜ್ಯಾಕ್ ಕೊಡುವ ಜಾಗವನ್ನೂ ಹಾಗೆಯೇ ಪರೀಕ್ಷಿಸಿ. ಆಮೇಲೆ ನಾಲ್ಕೂ ಬಾಗಿಲುಗಳ ಸಂದುಗಳನ್ನು ಅಳೆದು ಬರೆದಿಟ್ಟುಕೊಂಡು, ಸಿಲ್‌ನ ನಡುವೆ ಮರದ ತುಂಡಿಟ್ಟು ನಿಧಾನವಾಗಿ ಜ್ಯಾಕ್ ಎತ್ತಿ, ಸಂದುಗಳನ್ನು ಮತ್ತೊಮ್ಮೆ ಅಳೆಯಿರಿ. ಅಳತೆ ಬದಲಾದರೆ ಪೆಟ್ಟಿಗೆ ಸೋತಿದೆ ಎಂದು ತಿಳಿಯಬಹುದು.

ನಿಮಗೆ ನಿಜವಾಗಿಯೂ ಹಾಟ್ ರಾಡ್ ಬೇಕಿದ್ದರೆ, ಪ್ರತ್ಯೇಕ ಚಾಸಿಯಿರುವ ಬೇರೆ ಗಾಡಿಯಿಂದ ಆರಂಭಿಸುವುದು ಒಳ್ಳೆಯದು. ನಮ್ಮ ಕಡೆ ಸುಲಭವಾಗಿ ಸಿಗುವುದು ಹಳೆಯ ಜೀಪು. ಆದರೆ ಸಿಜೆ3ಬಿ ಜೀಪಿನ ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ) ಕೇವಲ 80 ಇಂಚು, 1932ರ ಫೋರ್ಡ್ ಕಾರಿನದು 106 ಇಂಚು. ಆ ಉದ್ದ ಮೂತಿಯ ತಗ್ಗಾದ ನಿಲುವು 80 ಇಂಚಿನಲ್ಲಿ ಬರುವುದಿಲ್ಲ, ಬಂದರೂ ಮಕ್ಕಳ ಆಟಿಕೆಯಂತೆ ಕಾಣುತ್ತದೆ. ನಾನು ಜೀಪಿನಿಂದ ಮುಂದಿನ ಮತ್ತು ಹಿಂದಿನ ಆಕ್ಸೆಲ್‌ಗಳನ್ನಷ್ಟೇ ಉಳಿಸಿಕೊಂಡು, 100 x 50 ಮಿ.ಮೀ. ಅಳತೆಯ, 4 ಮಿ.ಮೀ. ದಪ್ಪದ ಚೌಕ ಪೈಪಿನಲ್ಲಿ ಹೊಸ ತೊಲೆಗಳನ್ನು ಮಾಡಿದೆ. ಮೀಟರಿಗೆ ಸುಮಾರು 9 ಕೆ.ಜಿ. ತೂಗುವ ಪೈಪು ಅದು. ಕೊಳ್ಳುವಾಗ ಭಾರತೀಯ ಮಾನಕದ ಐಎಸ್ 4923 ಗುರುತು ಇದೆಯೇ ನೋಡಿಕೊಳ್ಳಿ, ಗೇಟು ಮಾಡುವ ತೆಳು ಪೈಪನ್ನು ಇದಕ್ಕೆ ಬಳಸಬೇಡಿ.

ಚಾಸಿ ಕಟ್ಟುವಾಗ ಕೊಟ್ಟಿಗೆಯ ನೆಲವನ್ನು ನಂಬಬಾರದು. ಗಂಜಲ ಹರಿದು ಹೋಗಲೆಂದು ಹಿರಿಯರು ನೆಲವನ್ನು ಒಂದು ಕಡೆಗೆ ಇಳಿಜಾರಾಗಿಯೇ ಮಾಡಿರುತ್ತಾರೆ. ಗಾರೆಯವರು ಬಳಸುವ ನೀರಿನ ಟ್ಯೂಬ್ ಲೆವೆಲ್ ತಂದು, ಕಬ್ಬಿಣದ ಮೇಜಿನಂಥದ್ದೊಂದನ್ನು ಕಟ್ಟಿ, ಅದರ ಕಾಲುಗಳನ್ನು ಸಮಮಟ್ಟಕ್ಕೆ ತಂದು, ತೊಲೆಗಳನ್ನು ಅದರ ಮೇಲೆ ಕ್ಲ್ಯಾಂಪ್ ಹಾಕಿ ಕೂರಿಸಬೇಕು. ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳ ಅಳತೆ 2 ಮಿ.ಮೀ.ಗಿಂತ ಹೆಚ್ಚು ಬೇರೆಯಾಗಬಾರದು. ಪೂರ್ತಿ ವೆಲ್ಡಿಂಗನ್ನು ಒಮ್ಮೆಗೇ ಎಳೆಯದೆ, ಬರೀ ಚುಕ್ಕಿ ಹಾಕಿ, ಎಂಜಿನ್, ಗೇರುಪೆಟ್ಟಿಗೆ, ಆಕ್ಸೆಲ್, ಸ್ಟೀರಿಂಗ್, ಸೀಟು, ರೇಡಿಯೇಟರ್ ಎಲ್ಲವನ್ನೂ ಒಮ್ಮೆ ಕೂರಿಸಿ ನೋಡಿ, ನೀವೇ ಒಳಗೆ ಕುಳಿತು ಪೆಡಲ್ ಒತ್ತಿ ನೋಡಿದ ಮೇಲೆಯೇ ಕೊನೆಯ ವೆಲ್ಡಿಂಗ್ ಮಾಡಬೇಕು. ನಾನು ಈ ಆತುರದಲ್ಲಿಯೇ ಒಂದು ವರ್ಷ ಕಳೆದುಕೊಂಡೆ: ಎಲ್ಲವನ್ನೂ ಗಟ್ಟಿಯಾಗಿ ಬೆಸೆದ ಮೇಲೆ ನೋಡಿದರೆ ಕ್ಲಚ್ ಪೆಡಲಿಗೂ ಸ್ಟೀರಿಂಗ್ ಶಾಫ್ಟಿಗೂ ನಡುವೆ ನನ್ನ ಪಾದ ಹಿಡಿಸುತ್ತಿರಲಿಲ್ಲ.

ಕೂರಿಸುವಾಗ ಎರಡು ಕೋನಗಳನ್ನು ಮರೆಯಬೇಡಿ. ಗೇರುಪೆಟ್ಟಿಗೆಯ ಹೊರ ಶಾಫ್ಟು ಹಿಂದಕ್ಕೆ ಸುಮಾರು 3 ಡಿಗ್ರಿ ಇಳಿದಿದ್ದರೆ, ಹಿಂದಿನ ಆಕ್ಸೆಲ್ ಹೌಸಿಂಗಿನ ಪಿನಿಯನ್ (ಶಾಫ್ಟು ಬಂದು ಸೇರುವ ಹಲ್ಲುಗಾಲಿ) ಅಷ್ಟೇ ಡಿಗ್ರಿ ಮೇಲಕ್ಕೆ ನೋಡುತ್ತಿರಬೇಕು. ಎರಡೂ ಸಮಾನಾಂತರವಾಗಿಲ್ಲದಿದ್ದರೆ ಗೇರುಪೆಟ್ಟಿಗೆಯಿಂದ ಹಿಂದಿನ ಆಕ್ಸೆಲಿಗೆ ಹೋಗುವ ಪ್ರೊಪೆಲರ್ ಶಾಫ್ಟಿನ ಕ್ರಾಸ್‌ಗಳು ನಡುಗಿ ನಡುಗಿ ಸಾಯುತ್ತವೆ. ಇನ್ನೊಂದು, ಮುಂದಿನ ನೇರ ಆಕ್ಸೆಲಿನಲ್ಲಿ ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಕಿಂಗ್‌ಪಿನ್ ಹಿಂದಕ್ಕೆ ವಾಲಿರುವ ಕೋನ, ಅಂದರೆ ಕ್ಯಾಸ್ಟರ್. ಇಂಥ ಗಾಡಿಗಳಲ್ಲಿ ಅದನ್ನು 5ರಿಂದ 7 ಡಿಗ್ರಿಯಷ್ಟು ಇಡುತ್ತಾರೆ, ಕಡಿಮೆಯಾದರೆ ಸ್ಟೀರಿಂಗ್ ದಾರಿ ತಪ್ಪುತ್ತಲೇ ಇರುತ್ತದೆ.

ವಿ8 ಆಸೆಯ ಬಗ್ಗೆ ಒಂದು ಮಾತು. 1932ರ ಫೋರ್ಡ್ ವಿ8 ಎಂಜಿನ್ 3.6 ಲೀಟರಿನದಾಗಿದ್ದರೂ ಅದರ ಶಕ್ತಿ 65 ಅಶ್ವಶಕ್ತಿ ಮಾತ್ರ. ಆ ಹುಡುಗರಿಗೆ ಅದು ಸಿಕ್ಕಿದ್ದು ಅಗ್ಗದ ಕಾರಿನಲ್ಲಿ ಬಂದಿದ್ದರಿಂದ. ಅದಕ್ಕೂ ಮೊದಲಿನವರು ನಾಲ್ಕು ಸಿಲಿಂಡರಿನ ಎಂಜಿನ್‌ಗಳಲ್ಲಿಯೇ ಓಡಿಸಿದವರು. ನಮ್ಮಲ್ಲಿ ವಿ8 ತರಿಸಿದರೆ ಎಂಜಿನ್ನಿಗೇ ನಿಮ್ಮ ಮೂರು ಲಕ್ಷ ಮುಗಿದು, ಅದನ್ನು ತಡೆಯುವ ಗೇರುಪೆಟ್ಟಿಗೆಗೂ ಆಕ್ಸೆಲಿಗೂ ಹಣ ಉಳಿಯುವುದಿಲ್ಲ. ನಿಮ್ಮ ಅಂಬಾಸಿಡರಿನ 1489 ಸಿಸಿ ಎಂಜಿನ್ ಸುಮಾರು 50 ಅಶ್ವಶಕ್ತಿಯದು. 1100 ಕೆ.ಜಿ.ಗೂ ಹೆಚ್ಚಿನ ಕಾರನ್ನು ಎಳೆಯುವಾಗ ಅದು ಏದುಸಿರು ಬಿಡುತ್ತದೆ ನಿಜ, ಆದರೆ 700 ಕೆ.ಜಿ.ಯ ಬರಿಮೈ ಗಾಡಿಯಲ್ಲಿ ಅದರ ಗುಣವೇ ಬೇರೆ. ಬಾಡಿ ಕೊಳೆತಿದ್ದರೆ ಎಂಜಿನ್ನನ್ನು ಅದರಿಂದಲೇ ತೆಗೆದುಕೊಳ್ಳಿ ಎನ್ನುವುದು ನನ್ನ ಸಲಹೆ.

ಉತ್ತರ: ಹಳೆಯ ಕಡತ (ಹೊನ್ನಾವರ)

ಮೇಲಿನವರು ಕಬ್ಬಿಣದ ಮಾತನ್ನು ಚೆನ್ನಾಗಿ ಹೇಳಿದ್ದಾರೆ, ಆದರೆ ಅವರ ಕೊನೆಯ ಸಲಹೆಯನ್ನು ನಾನು ಒಪ್ಪಲಾರೆ. ವಾಹನ ನೋಂದಣಿಯ ಕಾಗದಪತ್ರಗಳನ್ನು ಬರೆದುಕೊಡುವ ಕೆಲಸವನ್ನು ಬಹಳ ವರ್ಷ ಮಾಡಿದವನಾದ್ದರಿಂದ ಈ ಕಡೆಯ ವಿಷಯವನ್ನು ವಿವರವಾಗಿಯೇ ಬರೆಯುತ್ತೇನೆ.

1988ರ ಮೋಟಾರು ವಾಹನಗಳ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಬೇರೆಯಾಗುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಈ ನಿಲುವನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಲ್ಲಿ, ಅನುಮತಿಯಿಲ್ಲದೆ ಮಾರ್ಪಾಡು ಮಾಡಿದ ಮಾಲೀಕನಿಗೆ ಆರು ತಿಂಗಳವರೆಗಿನ ಸಜೆ, ಅಥವಾ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸುವ ಅವಕಾಶವಿದೆ. ಬಣ್ಣ ಬದಲಿಸಿದರೂ ಅದನ್ನು ನೋಂದಣಿ ಪತ್ರದಲ್ಲಿ ಕಾಣಿಸಬೇಕು, ಬೇರೆ ಎಂಜಿನ್ ಹಾಕುವುದಕ್ಕೆ ಮೊದಲೇ ಅನುಮತಿ ಪಡೆಯಬೇಕು. ಹೀಗಿರುವಾಗ ಮಾಡು ಕತ್ತರಿಸಿ ಎರಡು ಸೀಟು ಮಾಡಿದ ಅಂಬಾಸಿಡರನ್ನು ಶಿರಸಿಯ ಕೆಎ 31 ಕಚೇರಿಯಲ್ಲಾಗಲಿ, ಕಾರವಾರದ ಕೆಎ 30 ಕಚೇರಿಯಲ್ಲಾಗಲಿ ತಪಾಸಣೆಗೆ ನಿಲ್ಲಿಸಿದರೆ ಏನಾಗುತ್ತದೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ವಿಮಾ ಕಂಪನಿಯೂ ಇಂಥ ಗಾಡಿಯ ಅಪಘಾತದ ಪರಿಹಾರವನ್ನು ನಿರಾಕರಿಸಲು ಇದೇ ಕಾರಣವನ್ನು ಮುಂದಿಡಬಹುದು.

ಆದರೆ ನಿಮ್ಮ ಕಾರಿನ ಬಗ್ಗೆ ಇನ್ನೊಂದು ಮುಖ್ಯ ವಿಚಾರವಿದೆ. ಕೇಂದ್ರ ಸರ್ಕಾರವು 2021ರ ಜುಲೈನಲ್ಲಿ ನಿಯಮಗಳಿಗೆ ತಿದ್ದುಪಡಿ ತಂದು, ಮೊದಲ ನೋಂದಣಿಯಿಂದ 50 ವರ್ಷ ಮೀರಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ವಾಹನಗಳೆಂದು ನೋಂದಾಯಿಸುವ ಪ್ರತ್ಯೇಕ ವ್ಯವಸ್ಥೆಯನ್ನು ಮಾಡಿತು. ಅದರ ನೋಂದಣಿ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ, ನಂಬರಿನಲ್ಲಿ ರಾಜ್ಯದ ಅಕ್ಷರಗಳ ನಂತರ ವಿಎ ಎಂಬ ಅಕ್ಷರಗಳಿರುತ್ತವೆ. ಮುಖ್ಯ ಷರತ್ತು: ಗಾಡಿ ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. 1974ರ ನಿಮ್ಮ ಕಾರು ವಯಸ್ಸಿನಿಂದ ಈ ಅರ್ಹತೆಯನ್ನು ಪಡೆದಾಗಿದೆ. ಎಂಜಿನ್ ಕಿತ್ತು ಬೇರೆ ಗಾಡಿಗೆ ಹಾಕಿದ ದಿನ ಅದು ಆ ಅರ್ಹತೆಯನ್ನು ಕಳೆದುಕೊಳ್ಳುತ್ತದೆ. ವಿಂಟೇಜ್ ನೋಂದಣಿಯ ಗಾಡಿಯನ್ನು ದಿನನಿತ್ಯ ಪೇಟೆಗೆ ಒಯ್ಯುವಂತಿಲ್ಲ, ಪ್ರದರ್ಶನ ಮತ್ತು ವಿಂಟೇಜ್ ರ‍್ಯಾಲಿಯಂಥ ಉದ್ದೇಶಗಳಿಗೆ ಮಾತ್ರ ರಸ್ತೆಗಿಳಿಸಬಹುದು. ನಿತ್ಯದ ಬಳಕೆ ಬೇಕೆಂದರೆ ಸಾಮಾನ್ಯ ನವೀಕರಣದ ದಾರಿಯಿದೆ. ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ, ಮೊದಲು ಫಾರಂ 31ರಲ್ಲಿ ಅರ್ಜಿ ಕೊಟ್ಟು ಗಾಡಿಯನ್ನು ತಂದೆಯವರ ಹೆಸರಿನಿಂದ ನಿಮ್ಮ ಹೆಸರಿಗೆ ಮಾಡಿಕೊಳ್ಳಿ. ಮರಣ ಪ್ರಮಾಣಪತ್ರ ಮತ್ತು ಉಳಿದ ವಾರಸುದಾರರ ಒಪ್ಪಿಗೆ ಬೇಕಾಗುತ್ತದೆ. ತಂಗಿ, ತಮ್ಮಂದಿರು ಇದ್ದರೆ ಗ್ರೈಂಡರ್ ಹಿಡಿಯುವ ಮೊದಲು ಅವರೊಂದಿಗೆ ಮಾತಾಡುವುದು ಕಾಯ್ದೆಯ ದೃಷ್ಟಿಯಿಂದಲೂ ಒಳ್ಳೆಯದು.

ಹೊಸದಾಗಿ ಕಟ್ಟುವ ಗಾಡಿಗೆ ಬೇರೊಂದು ಗಾಡಿಯ ಚಾಸಿ ಕೊಳ್ಳುವಿರಾದರೆ ಬಿಲ್ ಇಲ್ಲದೆ ಕೊಳ್ಳಬೇಡಿ, ಚಾಸಿ ನಂಬರಿನ ಅಚ್ಚನ್ನು ಉಜ್ಜಿ ಅಳಿಸಿದ್ದನ್ನು ಮುಟ್ಟಲೇಬೇಡಿ. ಗೋವೆಯಿಂದ ಅಗ್ಗಕ್ಕೆ ಸಿಗುತ್ತದೆಂದು ಪೂರ್ತಿ ಗಾಡಿಯನ್ನೇ ತಂದರೆ ಅಲ್ಲಿನ ನಿರಾಕ್ಷೇಪಣಾ ಪತ್ರ, ಅಂದರೆ ಫಾರಂ 28, ಜೊತೆಗೆ ಬರಬೇಕು. ಕರ್ನಾಟಕದಲ್ಲಿ ಹನ್ನೆರಡು ತಿಂಗಳು ಮೀರಿ ಇಟ್ಟುಕೊಂಡರೆ ಇಲ್ಲಿನ ನಂಬರನ್ನೂ ಪಡೆಯಬೇಕು.

ನೋಂದಣಿಯಿಲ್ಲದೆ ಕಟ್ಟಿದ ಗಾಡಿಯನ್ನು ತೋಟದ ಒಳದಾರಿಯಲ್ಲಿ ಓಡಿಸಿದರೆ ತೊಂದರೆಯಿಲ್ಲವಲ್ಲ ಎಂದು ಅನೇಕರು ಕೇಳುತ್ತಾರೆ. ಕಾಯ್ದೆಯ 39ನೇ ಕಲಮು ಸಾರ್ವಜನಿಕ ಸ್ಥಳ ಎಂದಷ್ಟೇ ಹೇಳಿ ನಿಲ್ಲಿಸದೆ, ಬೇರೆ ಯಾವುದೇ ಸ್ಥಳದಲ್ಲಿ ಎಂದೂ ಹೇಳುತ್ತದೆ. ಆವರಣದೊಳಗೆ ಮಾತ್ರ ಬಳಸಲೆಂದು ಮಾಡಿದ ವಿಶೇಷ ಬಗೆಯ ವಾಹನಕ್ಕೆ ವ್ಯಾಖ್ಯೆಯಲ್ಲಿಯೇ ವಿನಾಯಿತಿ ಇದೆ. ಆದ್ದರಿಂದ ಅದು ಗೇಟಿನೊಳಗೇ ಇರುವ, ಹೊರಗೆ ಒಯ್ಯುವಾಗ ಲಾರಿಯ ಮೇಲೆಯೇ ಹೋಗುವ ಗಾಡಿಯಾಗಿರಲಿ. ಕಡಲ ತೀರವೂ ಸಾರ್ವಜನಿಕ ಸ್ಥಳವೇ ಎಂಬುದನ್ನು ಕಾರವಾರದ ಮಿತ್ರರು ಸೇರಿದಂತೆ ಎಲ್ಲರೂ ನೆನಪಿಡಬೇಕು.

ಉತ್ತರ: ಕಾಳಿ ಹಿನ್ನೀರು (ದಾಂಡೇಲಿ)

ಹಿರಿಯರು ಹುಡುಗನನ್ನು ಇಷ್ಟು ಹೆದರಿಸಬೇಕಿಲ್ಲ ಎಂದು ನನ್ನ ಅನಿಸಿಕೆ. ಅಂಬಾಸಿಡರಿಗಾಗಲಿ ಜೀಪಿಗಾಗಲಿ ಕೈಹಾಕುವ ಬದಲು ಹಳೆಯ ಮಾರುತಿ ಜಿಪ್ಸಿಯನ್ನು ಕೊಳ್ಳಬಹುದು. ಅದಕ್ಕೆ ಪ್ರತ್ಯೇಕ ಚಾಸಿ ಇದೆ, ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್ ಇದೆ, ವೀಲ್‌ಬೇಸ್ 2375 ಮಿ.ಮೀ. ಇರುವುದರಿಂದ ಜೀಪಿಗಿಂತ ಉದ್ದವೂ ಆಯಿತು, ಮತ್ತು 1298 ಸಿಸಿ ಎಂಜಿನ್ನಿನ ಬಿಡಿಭಾಗಗಳು ಎಲ್ಲ ಕಡೆ ಸಿಗುತ್ತವೆ. ಬಾಡಿಯನ್ನು ಬೋಲ್ಟು ಬಿಚ್ಚಿ ಎತ್ತಿಟ್ಟರೆ, ಮನಸ್ಸು ಬದಲಾದಾಗ ಹಿಂದಕ್ಕೆ ಕೂರಿಸಲೂಬಹುದು.

ಉತ್ತರ: ದೇವಿಮನೆ ತಿರುವು (ಕುಮಟಾ)

ದಾಂಡೇಲಿಯ ತಮ್ಮ ಹೇಳಿದ ಜಿಪ್ಸಿ ಒಳ್ಳೆಯ ಗಾಡಿಯೇ, ಆದರೆ ಇಂದು ಚಾಲನೆಯಲ್ಲಿರುವ ಜಿಪ್ಸಿಗೆ ಕೇಳುವ ಬೆಲೆಯಲ್ಲಿ ಇವರ ಅರ್ಧ ಬಜೆಟ್ ಹೋಗುತ್ತದೆ, ಆರ್‌ಸಿ ಸರಿಯಿರುವ ಗಾಡಿಯನ್ನು ಬಿಚ್ಚಿದರೆ ಹೊನ್ನಾವರದವರು ಹೇಳಿದ ಅದೇ ಕಲಮು ಅದಕ್ಕೂ ಬರುತ್ತದೆ.

ನಾನು ಮೂವತ್ತು ವರ್ಷ ಬಾಡಿಗೆ ಅಂಬಾಸಿಡರ್ ಓಡಿಸಿದವನು. ಶಿರಸಿಗೂ ಕುಮಟೆಗೂ ನಡುವಿನ ದೇವಿಮನೆ ಘಟ್ಟವನ್ನು ಎಷ್ಟು ಸಲ ಇಳಿದಿದ್ದೇನೆಂದು ಲೆಕ್ಕವಿಲ್ಲ. ಇಲ್ಲಿ ಎಲ್ಲರೂ ಎಂಜಿನ್, ಚಾಸಿ ಎನ್ನುತ್ತಿದ್ದೀರಿ, ಪ್ರಶ್ನೆ ಕೇಳಿದವರು ಮಾತ್ರ ಬ್ರೇಕ್ ಪೆಡಲ್ ನೆಲಕ್ಕೆ ಅಂಟಿದೆ ಎಂದು ಮೊದಲ ಪರಿಚ್ಛೇದದಲ್ಲಿಯೇ ಬರೆದಿದ್ದಾರೆ. ಅಲ್ಲಿಂದ ಆರಂಭಿಸಿ ಎನ್ನುತ್ತೇನೆ.

ಆ ಕಾಲದ ಅಂಬಾಸಿಡರಿನಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ನಾಲ್ಕಕ್ಕೂ ಸೇರಿ ಒಂದೇ ಆಯಿಲ್ ಲೈನು. ಎಲ್ಲಿಯಾದರೂ ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರಗಳ ಬ್ರೇಕು ಒಟ್ಟಿಗೇ ಹೋಗುತ್ತದೆ. ಒಂದು ಆಷಾಢದ ಸಂಜೆ, ಐದು ಜನರನ್ನು ಕೂರಿಸಿಕೊಂಡು ಘಟ್ಟ ಇಳಿಯುವಾಗ ನನಗೆ ಇದೇ ಆಯಿತು. ಎರಡನೇ ಗೇರಿನಲ್ಲಿ ಇಳಿಯುತ್ತಿದ್ದೆನಾದ್ದರಿಂದ ಮೊದಲನೆಯದಕ್ಕೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಎಡಗಡೆಯ ಗುಡ್ಡದ ಮಣ್ಣಿಗೆ ಮಡ್‌ಗಾರ್ಡ್ ಉಜ್ಜಿಸಿ ನಿಲ್ಲಿಸಿದೆ. ಬಲಗಡೆ ಏನಿತ್ತೆಂಬುದು ಆ ದಾರಿ ಗೊತ್ತಿದ್ದವರಿಗೆ ಗೊತ್ತು.

ಹೊಸ ಗಾಡಿ ಕಟ್ಟುವುದಾದರೆ ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬೇರೆ ಬೇರೆ ಲೈನಿರುವ ಜೋಡಿ ಮಾಸ್ಟರ್ ಸಿಲಿಂಡರನ್ನೇ ಹಾಕಿ. ಇದರ ಜೊತೆಗೆ ನಮ್ಮ ಕರಾವಳಿಯ ಒಂದು ವಿಶೇಷವನ್ನು ಹೇಳುತ್ತೇನೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು, ತೇವ ಹೀರಿದ ಮೇಲೆ ಆ ಮಟ್ಟ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230 ಮತ್ತು 155. ಘಟ್ಟದಲ್ಲಿ ಡ್ರಮ್ಮು ಕಾದು ಆಯಿಲ್ ಕುದಿದರೆ ಲೈನಿನಲ್ಲಿ ಆವಿಯ ಗುಳ್ಳೆಗಳಾಗಿ ಪೆಡಲ್ ಸ್ಪಂಜಿನಂತೆ ಒಳಗೆ ಹೋಗುತ್ತದೆ. ಎರಡು ಮಳೆಗಾಲಕ್ಕೊಮ್ಮೆಯಾದರೂ ಹಳೆಯ ಆಯಿಲನ್ನು ಪೂರ್ತಿ ಬಸಿದು ಬದಲಿಸಬೇಕು, ತೆರೆದಿಟ್ಟ ಅರ್ಧ ಡಬ್ಬಿಯನ್ನು ಮುಂದಿನ ವರ್ಷಕ್ಕೆಂದು ಅಟ್ಟದ ಮೇಲೆ ಇಡಬಾರದು.

ಬಾಡಿಯನ್ನು ಹಗುರ ಮಾಡಿ ಎಂಜಿನ್ನನ್ನು ಹಿಂದಕ್ಕೆ ಸರಿಸಿದಾಗ ಮುಂದಿನ ಮತ್ತು ಹಿಂದಿನ ಚಕ್ರಗಳ ಮೇಲಿನ ಭಾರದ ಪಾಲು ಬದಲಾಗುತ್ತದೆ. ಮೂಲ ಗಾಡಿಗೆ ಸರಿಯಾಗಿದ್ದ ಬ್ರೇಕು ಆಗ ಮುಂದಿನ ಅಥವಾ ಹಿಂದಿನ ಚಕ್ರಗಳನ್ನು ಬೇಗ ಹಿಡಿದು ಜಾರಿಸುತ್ತದೆ. ಹಿಂದಿನ ಲೈನಿಗೆ ಒತ್ತಡ ಹೊಂದಿಸುವ ವಾಲ್ವ್ ಹಾಕಿ, ಒದ್ದೆ ಮಣ್ಣಿನ ಖಾಲಿ ಅಂಗಳದಲ್ಲಿ ನಿಧಾನ ವೇಗದಲ್ಲಿ ಪರೀಕ್ಷಿಸಿ ನೋಡಬೇಕು. ಮಡ್‌ಗಾರ್ಡ್ ಇಲ್ಲದ ಗಾಡಿಯನ್ನು ಮಲೆನಾಡಿನ ಮಣ್ಣುದಾರಿಯಲ್ಲಿ ಓಡಿಸಿದವನ ಮುಖ ಹೇಗಿರುತ್ತದೆ ಎಂಬುದನ್ನು ನಾನು ಬೇರೆ ಹೇಳುವುದಿಲ್ಲ.

ಪ್ರಶ್ನೆ ಕೇಳಿದವರಿಂದ: ಅಡಿಕೆ ಅಂಗಳ (ಶಿರಸಿ)

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ಕೃತಜ್ಞತೆಗಳು. ಕಾರವಾರದ ಅಣ್ಣ ಹೇಳಿದಂತೆ ಭಾನುವಾರ ಇಡೀ ದಿನ ಗಾಡಿಯ ಅಡಿಯಲ್ಲಿಯೇ ಮಲಗಿದ್ದೆ. ಎಡಗಡೆಯ ಸಿಲ್ ಗಟ್ಟಿಯಾಗಿದೆ. ಬಲಗಡೆ, ಹಿಂದಿನ ಬಾಗಿಲಿನ ಕೆಳಗೆ, ಸ್ಕ್ರೂ ಡ್ರೈವರ್ ಹಿಡಿಯವರೆಗೂ ಒಳಗೆ ಹೋಯಿತು. ಸುಮಾರು ಒಂದೂವರೆ ಅಡಿ ಉದ್ದಕ್ಕೆ ಹಾಗಿದೆ. ಚಾಲಕನ ಕಾಲಡಿಯ ನೆಲದಲ್ಲಿ ಎರಡು ಕಡೆ ಅಂಗೈ ಅಗಲದ ತೂತುಗಳಿವೆ, ಆದರೆ ಟಾರ್ಶನ್ ಬಾರ್ ಕೂರುವ ಅಡ್ಡ ತೊಲೆ ಮತ್ತು ಸ್ಪ್ರಿಂಗಿನ ಜಾಗಗಳು ಮೇಲ್ಮೈ ತುಕ್ಕು ಬಿಟ್ಟರೆ ಸರಿಯಾಗಿವೆ. ಜ್ಯಾಕ್ ಎತ್ತಿದಾಗ ಬಲಗಡೆಯ ಹಿಂದಿನ ಬಾಗಿಲಿನ ಸಂದು 3 ಮಿ.ಮೀ. ಬದಲಾಯಿತು, ಉಳಿದ ಮೂರೂ ಬದಲಾಗಲಿಲ್ಲ.

ರಾತ್ರಿ ಊಟದ ಹೊತ್ತಿಗೆ ವಿಂಟೇಜ್ ನೋಂದಣಿಯ ಮಾತನ್ನು ತೆಗೆದಾಗ, ಇಷ್ಟು ವರ್ಷ ಆ ಕಾರಿನ ಬಗ್ಗೆ ಒಂದು ಮಾತೂ ಆಡದಿದ್ದ ಅಮ್ಮ, ಅದರ ಬಣ್ಣ ಮೊದಲು ತಿಳಿ ನೀಲಿ ಇತ್ತು, ಕಪ್ಪು ಬಳಿದದ್ದು ಆಮೇಲೆ ಎಂದರು. ಕತ್ತರಿಸುವ ಯೋಚನೆ ಅಲ್ಲಿಗೇ ಮುಗಿಯಿತು. ಅಂಬಾಸಿಡರನ್ನು ಮೂಲರೂಪಕ್ಕೆ ತರುವುದು, ಆ ಕೆಲಸದಲ್ಲಿ ತಗಡಿನ ವೆಲ್ಡಿಂಗನ್ನೂ ಬ್ರೇಕನ್ನೂ ಕಲಿತು, ಆಮೇಲೆ ಜೀಪಿನ ಆಕ್ಸೆಲ್‌ಗಳ ಮೇಲೆ ಹಾಟ್ ರಾಡ್ ಕಟ್ಟುವುದು ಎಂದು ನಿರ್ಧರಿಸಿದ್ದೇನೆ. ಕೊಟ್ಟಿಗೆಯಲ್ಲಿ ಈ ಕೆಲಸ ಮಾಡುವಾಗ ಯಾವ ಎಚ್ಚರಿಕೆಗಳನ್ನು ವಹಿಸಬೇಕು? ಪಂಪ್‌ಸೆಟ್ಟಿನ ತ್ರೀ ಫೇಸ್ ಲೈನು ಪಕ್ಕದಲ್ಲಿಯೇ ಇದೆ.

ಉತ್ತರ: ಕಡವಾಡದ ಕಬ್ಬಿಣ (ಕಾರವಾರ)

ಎಂಜಿನ್ ಕೀಳುವ ಸಲಹೆಯನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಹೊನ್ನಾವರದವರು ಹೇಳಿದ್ದೇ ಸರಿ. ನೀವು ಹೇಳಿದಷ್ಟು ತುಕ್ಕು ಮನೆಯಲ್ಲಿಯೇ ಸರಿಪಡಿಸಬಹುದಾದದ್ದು.

ಪಂಪ್‌ಸೆಟ್ಟಿನ ಲೈನಿಗೆ ಕೈಹಾಕಬೇಡಿ, ನೀರಾವರಿಗೆಂದು ಕೊಟ್ಟ ಸಂಪರ್ಕವನ್ನು ಬೇರೆ ಉದ್ದೇಶಕ್ಕೆ ಬಳಸುವಂತಿಲ್ಲ. ಮನೆಯ ಸಿಂಗಲ್ ಫೇಸಿನಲ್ಲಿ ನಡೆಯುವ ಇನ್ವರ್ಟರ್ ಮಾದರಿಯ ಮಿಗ್ ವೆಲ್ಡಿಂಗ್ ಸೆಟ್ (ತಂತಿಯೂ ಗ್ಯಾಸೂ ತಾನಾಗಿ ಬರುವಂಥದ್ದು) ಸಾಕು, ದಪ್ಪ ತಂತಿಯ ಪ್ರತ್ಯೇಕ ಲೈನು ಎಳೆಸಿ, ಅದಕ್ಕೆ ಸೋರಿಕೆಯಾದರೆ ಕರೆಂಟು ಕಡಿಯುವ ಆರ್‌ಸಿಸಿಬಿ ಹಾಕಿಸಿ. ತಗಡಿಗೆ 0.6 ಅಥವಾ 0.8 ಮಿ.ಮೀ. ತಂತಿ ಬಳಸಿ, ಒಂದು ಚುಕ್ಕಿ ಇಲ್ಲಿ ಹಾಕಿದರೆ ಮುಂದಿನದನ್ನು ಒಂದು ಗೇಣು ಆಚೆ ಹಾಕಿ, ತಗಡು ತಣಿಯಲು ಬಿಟ್ಟು ನಡುವಿನ ಜಾಗವನ್ನು ನಿಧಾನವಾಗಿ ತುಂಬಬೇಕು. ಒಂದೇ ಎಳೆಯಲ್ಲಿ ಎಳೆದರೆ ತಗಡು ಹಪ್ಪಳದಂತೆ ಸುಕ್ಕಾಗುತ್ತದೆ. ಅರ್ಧ ಗೋಡೆಯ ಕೊಟ್ಟಿಗೆಯಲ್ಲಿ ಗಾಳಿ ಬೀಸಿ ಮಿಗ್‌ನ ಗ್ಯಾಸ್ ಹಾರಿಹೋಗದಂತೆ ಟಾರ್ಪಾಲಿನ ಮರೆ ಕಟ್ಟಿಕೊಳ್ಳಿ. ಸಿಲ್ ಕತ್ತರಿಸುವ ಮೊದಲು ಬಾಗಿಲಿನ ಚೌಕಟ್ಟಿಗೆ ಅಡ್ಡಡ್ಡ ಪೈಪು ಬೆಸೆದು ಅಳತೆ ಅಲುಗದಂತೆ ಹಿಡಿಸಿಡಬೇಕು, ಮತ್ತು ಒಮ್ಮೆಗೆ ಒಂದೇ ಕಡೆ ಕತ್ತರಿಸಬೇಕು.

ನನಗೆ ಎಲ್ಲಕ್ಕಿಂತ ಭಯವಿರುವುದು ನಿಮ್ಮ ಕೊಟ್ಟಿಗೆಯ ಅಟ್ಟದ ಬಗ್ಗೆ. ಅಲ್ಲಿ ಒಣಹುಲ್ಲು, ದರಕು, ಅಡಿಕೆ ಸಿಪ್ಪೆ, ಸೋಗೆ ಯಾವುದಾದರೂ ಇದ್ದರೆ ಮೊದಲು ಹೊರಗೆ ಸಾಗಿಸಿ. ಗ್ರೈಂಡರಿನ ಕಿಡಿ ಹಾರಿ ಅದರೊಳಗೆ ಸೇರಿದರೆ ಹೊಗೆಯಾಡುತ್ತ ಕುಳಿತಿದ್ದು, ನೀವು ಮಲಗಿದ ಮೇಲೆ ಉರಿಯುತ್ತದೆ. ಕೆಲಸ ಮುಗಿದ ಮೇಲೆ ಒಂದು ಗಂಟೆ ಅಲ್ಲಿಯೇ ಇರಿ, ಒಂದು ಕೊಡ ನೀರಿನ ಜೊತೆಗೆ ಡ್ರೈ ಪೌಡರಿನ ಅಗ್ನಿಶಾಮಕವನ್ನೂ ಇಟ್ಟುಕೊಳ್ಳಿ. ಪೆಟ್ರೋಲ್ ಟ್ಯಾಂಕನ್ನು ಬಿಚ್ಚಿ ದೂರ ಇಡಬೇಕು. ಹದಿನಾರು ವರ್ಷದಿಂದ ಖಾಲಿಯಿದೆ ಎಂದು ಅದಕ್ಕೆ ವೆಲ್ಡಿಂಗ್ ಮಾಡಹೋಗಬೇಡಿ, ಒಳಗೆ ಉಳಿದ ಆವಿಯೇ ಸಿಡಿಯುತ್ತದೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಸಿಂಪಡಿಸಿದ ಜಾಗಕ್ಕೆ ವೆಲ್ಡಿಂಗ್ ಬೆಂಕಿ ತಾಗಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಎಂಜಿನ್ ಎತ್ತಲು ಕೊಟ್ಟಿಗೆಯ ಹಳೆಯ ತೊಲೆಗೆ ಚೈನ್ ಪುಲ್ಲಿ ಕಟ್ಟಬೇಡಿ, ಗೇರುಪೆಟ್ಟಿಗೆ ಸಮೇತ ಅದು ಒಂದೂವರೆ ಕ್ವಿಂಟಲಿಗೂ ಮೀರಿದ ಭಾರ. ಕಬ್ಬಿಣದ ಪೈಪಿನಲ್ಲಿ ಮೂರು ಕಾಲಿನ ಗಟ್ಟಿ ಸ್ಟ್ಯಾಂಡ್ ಮಾಡಿಕೊಳ್ಳಿ. ಜ್ಯಾಕ್ ಮೇಲಷ್ಟೇ ನಿಂತ ಗಾಡಿಯ ಅಡಿಗೆ ಇನ್ನೊಮ್ಮೆ ಹೋಗಬೇಡಿ, ನಾಲ್ಕು ಜ್ಯಾಕ್ ಸ್ಟ್ಯಾಂಡುಗಳು ನಿಮ್ಮ ಮೊದಲ ಖರೀದಿಯಾಗಿರಲಿ.

ತುಕ್ಕು ಕೆರೆದು ಬರಿದಾಗಿಸಿದ ತಗಡನ್ನು ಒಂದು ರಾತ್ರಿಯೂ ಹಾಗೆಯೇ ಬಿಡಬಾರದು. ನಮ್ಮ ಕಾರವಾರದಲ್ಲಿ ಉಪ್ಪುಗಾಳಿಗೆ ಬೆಳಗಾಗುವುದರೊಳಗೆ ಕೆಂಪಾಗಿರುತ್ತದೆ, ನಿಮ್ಮಲ್ಲಿ ಒಂದು ದಿನ ಹೆಚ್ಚು ಸಿಗಬಹುದು. ಅದೇ ದಿನ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಪುಟ್ಟಿ ನೀರು ಕುಡಿಯುವ ವಸ್ತುವಾದ್ದರಿಂದ ಅದನ್ನು ಪ್ರೈಮರಿನ ಮೇಲೆಯೇ ಹಚ್ಚಿ, ತೂತು ಮುಚ್ಚಲು ಬಳಸಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಣ್ಣದ ಕೆಲಸವನ್ನು ಮುಟ್ಟದೆ, ಆ ನಾಲ್ಕು ತಿಂಗಳನ್ನು ಬ್ರೇಕ್ ಸಿಲಿಂಡರುಗಳು, ಕಾರ್ಬ್ಯುರೇಟರ್ ಮತ್ತು ವೈರಿಂಗಿಗೆ ಮೀಸಲಿಡಿ. ಹೊಸ ಸಿಲ್‌ನ ಒಳಮೈಗೆ ಕೊನೆಯಲ್ಲಿ ಮೇಣದಂಥ ತುಕ್ಕುನಿರೋಧಕವನ್ನು ಸಿಂಪಡಿಸಿ, ಅಡಿಯಲ್ಲಿ ನೀರು ಬಸಿಯುವ ತೂತುಗಳನ್ನು ಮುಚ್ಚದೆ ಬಿಡಬೇಕು.

ಪ್ರಶ್ನೆ ಕೇಳಿದವರಿಂದ: ಅಡಿಕೆ ಅಂಗಳ (ಶಿರಸಿ)

ಅಟ್ಟದಲ್ಲಿ ಎರಡು ವರ್ಷದ ಹುಲ್ಲು ಇತ್ತು, ನಿನ್ನೆ ಇಳಿಸಿ ಹೊಸ ಕೊಟ್ಟಿಗೆಗೆ ಸಾಗಿಸಿದೆವು. ಫಾರಂ 31ಕ್ಕೆ ತಂಗಿಯ ಒಪ್ಪಿಗೆ ಪತ್ರ ಬಂದಿದೆ. ಬಾಗಿಲಿನ ಪಕ್ಕದ ರಬ್ಬರ್ ಪಟ್ಟಿ ತೆಗೆದಾಗ ಕಪ್ಪು ಬಣ್ಣದ ಕೆಳಗೆ ಅಮ್ಮ ಹೇಳಿದ ನೀಲಿ ಬಣ್ಣ ಬೆರಳಗಲದಷ್ಟು ಹಾಗೆಯೇ ಉಳಿದಿದ್ದು ಕಂಡಿತು, ಅದರ ಫೋಟೋ ತೆಗೆದಿಟ್ಟಿದ್ದೇನೆ. ಮುಂದಿನ ವಾರ ಹುಬ್ಬಳ್ಳಿಗೆ ಹೋಗಿ ಜ್ಯಾಕ್ ಸ್ಟ್ಯಾಂಡುಗಳನ್ನೂ ನಾಲ್ಕು ಚಕ್ರಗಳ ಬ್ರೇಕ್ ಸಿಲಿಂಡರ್ ಕಿಟ್ಟುಗಳನ್ನೂ ತರುತ್ತೇನೆ. ಸಿಲ್ ಕತ್ತರಿಸುವ ದಿನ ಮತ್ತೆ ಅಳತೆಗಳೊಂದಿಗೆ ಇಲ್ಲಿಗೇ ಬರುತ್ತೇನೆ.